ಇಪ್ಪತ್ತಕ್ಕೆ ಹದಿಮೂರು

ಸಾನ್ ಬೆನಿತೊ ಪ್ರೌಢಶಾಲೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿದ್ದ ತಾರ್ಹೇಲಿಯಾ ಕುವಾಸಪಾಸ್ ಅವರನ್ನು ಯಾರೂ ಪ್ರೀತಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳಿತು. ಈಗ ಅವರ ಹೆಸರು ಬಂದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಡುವ ಉಪಾಧ್ಯಾಯರಲ್ಲಿ ಅರ್ಧಕ್ಕರ್ಧ ಜನ, ಆಗ ಅವರ ಬೂಟಿನ ಸದ್ದು ಕೇಳಿದರೆ ಸಾಕು, ಶೌಚಾಲಯದ ಕಡೆಗೆ ತಿರುಗಿಕೊಳ್ಳುತ್ತಿದ್ದರು.

ಕಾರಣ ಸರಳವಾದದ್ದು. ಅಂಕ ಕೊಡುವವರು ಉಪಾಧ್ಯಾಯರು, ಬರೆದಿಡುವವರು ತಾರ್ಹೇಲಿಯಾ. ಕೊಡುವವರಿಗೆ ಮರೆವು ಉಂಟು, ದಾಕ್ಷಿಣ್ಯ ಉಂಟು, ಶುಕ್ರವಾರ ಮಧ್ಯಾಹ್ನದ ಅವಸರ ಉಂಟು. ಬರೆದಿಡುವವರಿಗೆ ಇವು ಯಾವುವೂ ಇರಲಿಲ್ಲ. ಗಣಿತದ ಉಪಾಧ್ಯಾಯ ನೆಲ್ಸನ್ ಹುವೇರಾ ಒಮ್ಮೆ ತಿದ್ದಿದ ಹಾಳೆಯೊಂದನ್ನು ಕಿಟಕಿಯೊಳಗೆ ತೂರಿಸಿ ಮೆಲ್ಲನೆ ಜಾರಿಕೊಳ್ಳುತ್ತಿದ್ದಾಗ, ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ನಾನು ಪಕ್ಕದಲ್ಲೇ ಇದ್ದೆ.

“ನಿಲ್ಲಿ ಮೇಷ್ಟ್ರೇ. ಇದು ಆರೋ, ಎಂಟೋ?”

“ಎಂಟು, ದೋನ್ಯ ತಾರ್ಹೇಲಿಯಾ. ಕಾಣಲ್ವಾ?” ದೊಡ್ಡ ಹೆಂಗಸರನ್ನು ನಮ್ಮಲ್ಲಿ ದೋನ್ಯ ಎಂದೇ ಗೌರವದಿಂದ ಕರೆಯುವುದು.

“ನನಗೆ ಕಾಣೋದು ಆರರ ತಲೆ ಮೇಲೆ ಯಾರೋ ಟೋಪಿ ಇಟ್ಟಿರೋದು. ಬೇರೆ ಹಾಳೇಲಿ ಬರ್ಕೊಂಡು ಬನ್ನಿ. ಬರೆಯೋ ಮುಂಚೆ ಆ ಹುಡುಗನ ಉತ್ತರಪತ್ರಿಕೆ ಒಂದ್ಸಲ ತೆಗೆದು ನೋಡಿ, ಅದೇನು ಪಾಪ ಅಲ್ಲ.”

ಅವರು ಹುಟ್ಟಿದ್ದು ಪಟ್ಟಣಕ್ಕಿಂತ ಮೇಲೆ, ಆಲೂಗಡ್ಡೆಯ ಹೊಲಗಳು ಮುಗಿದು ಬಯಲು ಹುಲ್ಲು ಆರಂಭವಾಗುವ ಕಡೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಗೆ ಬಂದರು. ಓದುವುದಕ್ಕಲ್ಲ, ಅಡುಗೆಮನೆಯಲ್ಲಿ ಮಕ್ಕಳ ಓಟ್ಸ್ ಗಂಜಿ ತಿರುವುವುದಕ್ಕೆ. ಹಗಲು ಗಂಜಿ ತಿರುವಿ ಸಂಜೆ ಅದೇ ಶಾಲೆಯ ಸಂಜೆ ತರಗತಿಯಲ್ಲಿ ಕುಳಿತು, ಇಪ್ಪತ್ತೆರಡಕ್ಕೆ ಪ್ರಾಥಮಿಕ, ಇಪ್ಪತ್ತೆಂಟಕ್ಕೆ ಪ್ರೌಢಶಿಕ್ಷಣ ಮುಗಿಸಿದರು. ಕೆಲವು ವರ್ಷಗಳ ಅನಂತರ ನಾನು ಕುಳಿತದ್ದೂ ಅದೇ ಬೆಂಚಿನ ಮೇಲೆ. ಅದು ಎಷ್ಟು ಗಟ್ಟಿಯೆಂದು ಹಗಲಿನಲ್ಲಿ ಓದಿದವರಿಗೆ ತಿಳಿಯಲಾರದು. ಟೈಪಿಂಗ್ ಕಲಿತರು, ಸಹಾಯಕಿಯಾದರು, ಹಳೆಯ ಕಾರ್ಯದರ್ಶಿ ತೀರಿಕೊಂಡ ಮೇಲೆ ಕಾರ್ಯದರ್ಶಿಯಾದರು. ಮದುವೆಯಾಗಲಿಲ್ಲ. ಏಕೆ ಎಂದು ಕೇಳಿದವರಿಗೆ, “ಅರ್ಜಿಗಳು ಬಂದಿದ್ವು. ದಾಖಲೆ ಸರಿಯಿರ್ಲಿಲ್ಲ,” ಎನ್ನುತ್ತಿದ್ದರು.

ಅವರ ಅಂಕಪುಸ್ತಕಗಳು ನಾಲ್ಕು ಬೆರಳು ದಪ್ಪ. ಪ್ರಾಥಮಿಕದಿಂದ ಕೊನೆಯ ತರಗತಿಯವರೆಗೆ ಒಬ್ಬ ವಿದ್ಯಾರ್ಥಿಗೆ ಒಂದು ಪುಟ, ನೀಲಿ ಶಾಯಿ. ಕೆರೆದು ಅಳಿಸುವಂತಿಲ್ಲ, ತಪ್ಪಿದರೆ ಕೆಂಪು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ. ಇಲಾಖೆಯವರು ಇಪ್ಪತ್ತಕ್ಕೆ ಕೊಡುತ್ತಿದ್ದ ಅಂಕವನ್ನು ಇನ್ನು ಮುಂದೆ ಹತ್ತಕ್ಕೆ ಕೊಡತಕ್ಕದ್ದು ಎಂದು ಆಜ್ಞೆ ಹೊರಡಿಸಿದ ವರ್ಷ, ಹಳೆಯ ಅಂಕಗಳನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ತಾರ್ಹೇಲಿಯಾ ಆ ವರ್ಷದ ರಜೆಯಲ್ಲಿ ಪ್ರತಿದಿನ ಶಾಲೆಗೆ ಬಂದು, ಓದುತ್ತಿದ್ದ ಪ್ರತಿಯೊಬ್ಬ ಮಗುವಿನ ಪುಟದಲ್ಲಿ ಪ್ರತಿಯೊಂದು ಹಳೆಯ ಅಂಕದ ಕೆಳಗೆ ಅದರ ಅರ್ಧವನ್ನು ಕೆಂಪಿನಲ್ಲಿ ಬರೆದರು. ಆಗ ನಾವೆಲ್ಲ ರಜೆಯಲ್ಲಿದ್ದೆವು. ಹಿಂದಿರುಗಿ ಬಂದ ಮೇಲೆ, ಪಾಪ, ಮುದುಕಿಗೆ ಹೊತ್ತು ಹೋಗುವುದಿಲ್ಲ ಎಂದೆವು.

ಎರಡು ವರ್ಷ ಕಳೆದ ಮೇಲೆ ಕಂಪ್ಯೂಟರ್ ವ್ಯವಸ್ಥೆ ಬಂತು. ಅದರ ಜತೆಯಲ್ಲೇ ಬಂದವರು ಶಾಲೆಯ ಹೊಸ ಮುಖ್ಯಸ್ಥರು, ನಮ್ಮ ರೆಕ್ಟರ್ ಓಲ್ಮೇದೊ ರೆವೇಲೊ. ಶಿಕ್ಷಣ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಆ ಪದವಿಯನ್ನು ಚೌಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದವರು. ತರಗತಿಯೊಳಗೆ ಅವರನ್ನು ಕಂಡ ನೆನಪು ನನಗಿಲ್ಲ. ಶಾಲೆಯನ್ನು ಅವರು ಪರದೆಯ ಮೇಲೆ ನೋಡುತ್ತಿದ್ದರು. ಅಲ್ಲಿ ಅದು ಬಣ್ಣಬಣ್ಣದ ಕಂಬಗಳಾಗಿ ನಿಂತಿರುತ್ತಿತ್ತು. ಎಲ್ಲ ವಿದ್ಯಾರ್ಥಿಗಳ ಹಳೆಯ ಅಂಕಗಳನ್ನೂ ಹತ್ತು ದಿನಗಳಲ್ಲಿ ವ್ಯವಸ್ಥೆಗೆ ಏರಿಸಬೇಕೆಂದು ಆದೇಶ ಬಂದಾಗ, ಆ ಕೆಲಸವನ್ನು ಕಂಪ್ಯೂಟರ್ ಉಪಾಧ್ಯಾಯರಾದ ಇಂಜಿನಿಯರ್ ವಿನೀಸಿಯೊ ಮಾಫ್ಲಾ ಅವರಿಗೆ ವಹಿಸಿದರು. ತಾರ್ಹೇಲಿಯಾ ತಾವೇ ಮಾಡುವುದಾಗಿ ಕೇಳಿಕೊಂಡಿದ್ದರು.

“ನಿಮ್ಮ ಹತ್ರ ಕಂಪ್ಯೂಟರ್ ಕೋರ್ಸಿನ ಪ್ರಮಾಣಪತ್ರ ಇಲ್ವಲ್ಲ ದೋನ್ಯ,” ಎಂದರು ರೆಕ್ಟರ್.

“ಅಂಕ ಓದಕ್ಕೆ ಬರತ್ತೆ, ರೆಕ್ಟರೇ.”

“ಅದು ಎಲ್ರಿಗೂ ಬರತ್ತೆ.”

“ಅದನ್ನೇ ಈಗ ನೋಡಬೇಕಾಗಿರೋದು,” ಎಂದು ತಾರ್ಹೇಲಿಯಾ ಕಡತಗಳ ಕಪಾಟಿನ ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು ಹೊರಬಂದರು.

ಇಂಜಿನಿಯರರು ಕಡತಗಳ ರಾಶಿಯನ್ನು ಕಂಪ್ಯೂಟರ್ ಕೋಣೆಗೆ ಹೊರಿಸಿ, ನಡತೆಯ ಅಂಕದ ಆಸೆ ತೋರಿಸಿ, ಹತ್ತನೆಯ ತರಗತಿಯ ಹದಿನೈದು ಮಕ್ಕಳನ್ನು ಟೈಪ್ ಮಾಡಲು ಕೂರಿಸಿದರು. ತಾವು ಕಿಟಕಿಯ ಬಳಿ ಕುಳಿತು ಫೋನಿನಲ್ಲಿ ಫುಟ್ಬಾಲ್ ನೋಡಿದರು. ಎಂಟನೆಯ ದಿನಕ್ಕೇ ಕೆಲಸ ಮುಗಿಯಿತು. ಜಿಲ್ಲೆಯಲ್ಲಿ ನಮ್ಮ ಶಾಲೆಯೇ ಮೊದಲು ಎಂದು ಅಭಿನಂದನಾ ಪತ್ರ ಬಂತು. ಅದಕ್ಕೂ ಚೌಕಟ್ಟು ಬಂತು.

ಅದೇ ಋತುವಿನಲ್ಲಿ ಹಾಜರಿಯ ಯಂತ್ರವೂ ಗೋಡೆಗೇರಿತು. ಬೆಳಗ್ಗೆ ಏಳಕ್ಕೆ ಹೆಬ್ಬೆರಳು ಒತ್ತಬೇಕು, ಮಧ್ಯಾಹ್ನ ಹೊರಡುವಾಗ ಮತ್ತೆ ಒತ್ತಬೇಕು. ವ್ಯಾಯಾಮದ ಉಪಾಧ್ಯಾಯರು ಏಳಕ್ಕೆ ಒತ್ತಿ, ಮೂಲೆಯ ತಮ್ಮ ಅಂಗಡಿಯಲ್ಲಿ ಗೊಬ್ಬರ ಮಾರಿ, ಮಧ್ಯಾಹ್ನ ಬಂದು ಮತ್ತೆ ಒತ್ತುತ್ತಿದ್ದರು. ಅವರದು ನೂರಕ್ಕೆ ನೂರು ಹಾಜರಿ. ತಾರ್ಹೇಲಿಯಾ ಅವರ ಬೆರಳನ್ನು ಯಂತ್ರ ಗುರುತಿಸಲಿಲ್ಲ. ಬಾಲ್ಯದಲ್ಲಿ ಆಲೂಗಡ್ಡೆ ಅಗೆದು, ಆಮೇಲೆ ಪಾತ್ರೆ ತಿಕ್ಕಿ, ಆಮೇಲೆ ಮೂವತ್ತು ವರ್ಷ ಕಾಗದ ತಿರುವಿದ ಬೆರಳಿನ ಮೇಲೆ ಗೆರೆಗಳೆಲ್ಲಿ ಉಳಿದಾವು? ಇಂಜಿನಿಯರರು ಕೈಗೆ ಹಚ್ಚುವ ಕ್ರೀಮೊಂದರ ಹೆಸರು ಬರೆದುಕೊಟ್ಟರು. ತಾರ್ಹೇಲಿಯಾ ಅದರ ಬದಲು ಒಂದು ನೋಟುಪುಸ್ತಕ ತೆರೆದು ದಿನವೂ ಬಂದ ವೇಳೆ, ಹೋದ ವೇಳೆ ಬರೆದು ಸಹಿ ಮಾಡತೊಡಗಿದರು. ಯಂತ್ರದ ಲೆಕ್ಕದಲ್ಲಿ ಅವರು ಏಪ್ರಿಲಿನಿಂದ ಶಾಲೆಗೇ ಬಂದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹೊಸ ಶಾಲಾ ವರ್ಷ ಆರಂಭವಾದೊಡನೆ ನಮ್ಮಲ್ಲಿ ಆಗಬೇಕಾದ ಮೊದಲ ಕೆಲಸ ಧ್ವಜಧಾರಿಯ ಆಯ್ಕೆ. ಕೊನೆಯ ತರಗತಿಯ ಮಕ್ಕಳಲ್ಲಿ, ಎರಡನೆಯ ತರಗತಿಯಿಂದ ಹಿಡಿದು ಹನ್ನೊಂದು ವರ್ಷಗಳ ಸರಾಸರಿ ಯಾರದು ಹೆಚ್ಚೋ ಅವರು ಇಪ್ಪತ್ತಾರನೆಯ ತಾರೀಖು ದೇಶದ ಬಾವುಟ ಹಿಡಿದು ನಿಲ್ಲುತ್ತಾರೆ. ಉಳಿದವರು ಒಬ್ಬೊಬ್ಬರಾಗಿ ಮಂಡಿಯೂರಿ ಅದಕ್ಕೆ ಮುತ್ತಿಡುತ್ತಾರೆ. ಸಾನ್ ಬೆನಿತೊದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಮೇಯರ್ ಯಾರಾಗಿದ್ದರೆಂದು ಜನ ಮರೆಯುತ್ತಾರೆ. ಯಾವ ವರ್ಷ ಯಾರ ಮಗಳು ಬಾವುಟ ಹಿಡಿದಳೆಂಬುದನ್ನು ಮರೆಯುವುದಿಲ್ಲ. ಸರಾಸರಿಯನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಎಳೆದು ಜಗಳವಾಡಿದ ಕುಟುಂಬಗಳು ಇಂದಿಗೂ ಪರಸ್ಪರ ಮಾತು ಬಿಟ್ಟಿವೆ.

ಆ ವರ್ಷ ಜಗಳಕ್ಕೆ ಕಾರಣವೇ ಇರಲಿಲ್ಲ. ಮರ್ಯೂರಿ ಚುಲ್ದೆ ಎಂಬ ಹುಡುಗಿ ಎಷ್ಟೋ ವರ್ಷಗಳಿಂದ ಎಲ್ಲರಿಗಿಂತ ಮುಂದಿದ್ದಳು. ಆಲೂಗಡ್ಡೆ ಆರಿಸುವ ಕೂಲಿಯವಳ ಮಗಳು. ಸಿಡುಕಿ, ಬಿಗುಮಾನದವಳು, ಯಾರಿಗೂ ಉತ್ತರ ತೋರಿಸದವಳು, ಉಪಾಧ್ಯಾಯರ ತಪ್ಪನ್ನು ತರಗತಿಯಲ್ಲೇ ಎತ್ತಿ ಹೇಳುವವಳು. ಅವಳೂ ಯಾರಿಗೂ ಪ್ರಿಯಳಾಗಿರಲಿಲ್ಲ. ಆದರೆ ಮೊದಲನೆಯವಳು ಅವಳೇ ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ವ್ಯವಸ್ಥೆ ಪಟ್ಟಿಯನ್ನು ಉಗುಳಿತು. ಮೊದಲ ಸ್ಥಾನ: ಎಲ್ಮೆರ್ ತೈಮಾಲ್, 9.491. ಎರಡನೆಯದು: ಮರ್ಯೂರಿ ಚುಲ್ದೆ, 9.412.

ಎಲ್ಮೆರ್ ತೈಮಾಲ್ ಒಳ್ಳೆಯ ಹುಡುಗ. ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಜೋಡಿಸಬಲ್ಲವನು, ನಮ್ಮ ಶಾಲೆಯ ಗೋಲ್‌ಕೀಪರ್. ಚುತಾಲ್ ಹಳ್ಳಿಯ ಶಾಲೆಯಿಂದ ನಮ್ಮಲ್ಲಿಗೆ ಬಂದು ಎರಡೇ ವರ್ಷವಾಗಿತ್ತು. ಆ ಎರಡೂ ವರ್ಷ ಅವನು ಹೊಸ ಕ್ರಮದಲ್ಲಿ ಪಾಸಿಗೆ ಬೇಕಾದ ಏಳರ ಅಂಚಿನಲ್ಲಿ ತೂಗಾಡಿಕೊಂಡು ಪಾಸಾದವನು. ಪಟ್ಟಿಯನ್ನು ಉಪಾಧ್ಯಾಯರ ಕೋಣೆಯಲ್ಲಿ ಓದಿ ಹೇಳಿದರು. ಅನಂತರ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಹೇಸಿಗೆಯಾಗುತ್ತದೆ.

“ಆ ಹುಡುಗ ಮಾತು ಕಮ್ಮಿ,” ಎಂದು ನೆಲ್ಸನ್ ಹುವೇರಾ ಮೆಲ್ಲನೆ ಆರಂಭಿಸಿದರು. “ಮಾತು ಕಮ್ಮಿ ಇರೋರಲ್ಲಿ ಆಳ ಇರತ್ತೆ.”

“ನಾನು ಮೊದಲಿಂದ ಹೇಳ್ತಾ ಇದ್ದೆ,” ಎಂದರು ರಸಾಯನಶಾಸ್ತ್ರದ ಮೇಡಂ. ಅವರು ಏನನ್ನೂ ಹೇಳಿರಲಿಲ್ಲ.

“ಮರ್ಯೂರಿದು ಬರೀ ಬಾಯಿಪಾಠ ಕಣ್ರೀ. ಇವನದು ಹಾಗಲ್ಲ, ಯೋಚನೆ ಮಾಡೋ ತಲೆ.”

“ಗೋಲ್ ಹಿಡಿಯೋದು ನೋಡಿದೀರಾ? ಕೋನದ ಲೆಕ್ಕ ಎಲ್ಲಾ ಕೈಯಲ್ಲೇ ಇದೆ!”

ಸಹಿ ಹಾಕಿಸಲು ಕಾಗದ ಹಿಡಿದು ಬಂದಿದ್ದ ತಾರ್ಹೇಲಿಯಾ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು.

“ಹುವೇರಾ ಮೇಷ್ಟ್ರೇ, ಆಳ ಇರೋ ಆ ಹುಡುಗಂಗೆ ಹೋದ ವರ್ಷ ನೀವು ಎಷ್ಟು ಕೊಟ್ರಿ?”

“ಏಳು... ಏಳೇ ಇರಬೇಕು.”

“ಮರುಪರೀಕ್ಷೆ ಆದ್ಮೇಲೆ ಏಳು. ಅದಕ್ಕೂ ಮುಂಚೆ ಐದೂವರೆ. ನಾನೇ ಬರ್ದಿದ್ದು. ಆಳಕ್ಕೆ ಇಳಿಯೋಕೆ ನಿಮಗೆ ಹಗ್ಗ ಸಿಕ್ಕಿರ್ಲಿಲ್ವೇನೋ.”

ಯಾರೂ ನಗಲಿಲ್ಲ. “ವ್ಯವಸ್ಥೆ ಹೇಳ್ತಿದೆ ದೋನ್ಯ,” ಎಂದರು ಹುವೇರಾ, ತಪ್ಪೊಪ್ಪಿಗೆಯ ದನಿಯಲ್ಲಿ. ನಾನೂ ಆ ಕೋಣೆಯಲ್ಲಿದ್ದೆ. ನಾನೂ ಬಾಯಿ ತೆರೆಯಲಿಲ್ಲ.

ಮರುದಿನ ಮರ್ಯೂರಿ ಕಚೇರಿಯ ಕಿಟಕಿಗೆ ಬಂದಳು. ಅತ್ತಿರಲಿಲ್ಲ, ಅಳುವ ಜಾತಿಯವಳಲ್ಲ.

“ನನ್ನ ಅಂಕ ತೋರಿಸಿ, ದೋನ್ಯ.”

ತಾರ್ಹೇಲಿಯಾ ಪುಸ್ತಕ ತೆರೆದು ತಿರುಗಿಸಿಟ್ಟರು. ಹುಡುಗಿ ಹನ್ನೊಂದು ಅಂಕಗಳನ್ನು ಬಾಯಲ್ಲೇ ಕೂಡಿಸಿ ಭಾಗಿಸಿದಳು. “ನಂದು ಸರಿ ಇದೆ. ಹಾಗಾದ್ರೆ ಅವನದು ತಪ್ಪು.”

“ನಿಮ್ಮದು ಸರಿ ಇದ್ದ ಮಾತ್ರಕ್ಕೆ ಇನ್ನೊಬ್ರದು ತಪ್ಪಾಗಬೇಕು ಅಂತಿಲ್ಲ ಮಗಳೇ.”

“ಅವನು ನನ್ನ ಪಕ್ಕದ ಬೆಂಚಲ್ಲಿ ಕೂರ್ತಾನೆ. ಭಿನ್ನರಾಶಿ ಬರಲ್ಲ ಅವನಿಗೆ. ತಪ್ಪಾಗಲೇಬೇಕು.”

“ಅದು ಸಾಕ್ಷಿ ಅಲ್ಲ, ಜಂಬ. ಸಾಕ್ಷಿ ನಾನು ಹುಡುಕ್ತೀನಿ. ತರಗತಿಗೆ ನಡೀರಿ.”

ಸಾಕ್ಷಿ ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಪುಸ್ತಕದಲ್ಲಿ ಎಲ್ಮೆರನ ಪುಟ ಆರಂಭವಾಗುವುದೇ ಅವನು ಇಲ್ಲಿಗೆ ಸೇರಿದ ವರ್ಷದಿಂದ. ಅದಕ್ಕೆ ಹಿಂದಿನ ಒಂಬತ್ತು ವರ್ಷಗಳು ಚುತಾಲಿನಿಂದ ವರ್ಗಾವಣೆ ಪತ್ರದ ಜತೆ ಬಂದ ಒಂದೇ ಒಂದು ಬಿಡಿ ಹಾಳೆಯಲ್ಲಿದ್ದವು. ಆ ಶಾಲೆಯನ್ನು ಮಕ್ಕಳು ಕಡಿಮೆಯೆಂದು ಆಮೇಲೆ ಮುಚ್ಚಿದ್ದರು. ಹಾಳೆಯ ಮೇಲೆ ಹದಿಮೂರು, ಹದಿನಾಲ್ಕು, ಹನ್ನೆರಡು, ಹದಿನಾಲ್ಕು ಹೀಗೆ ಒಂಬತ್ತು ಅಂಕ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ “ಇಪ್ಪತ್ತಕ್ಕೆ” ಎಂಬ ಟಿಪ್ಪಣಿ. ಪುಸ್ತಕದಲ್ಲಿದ್ದ ಮಕ್ಕಳ ಅಂಕಗಳ ಕೆಳಗೆ ಕೆಂಪು ಶಾಯಿಯ ಅರ್ಧವಿತ್ತು. ಟೈಪ್ ಮಾಡಿದವರು ಅದನ್ನು ನೋಡಿ ಹಾಕಿದ್ದರು. ಈ ಬಿಡಿ ಹಾಳೆಯಲ್ಲಿ ಕೆಂಪು ಇರಲಿಲ್ಲ. ಟೈಪ್ ಮಾಡಿದ ಮಗು ಹದಿಮೂರು ಒತ್ತಿತು. ಪರದೆಯ ಚೌಕ ಹತ್ತಕ್ಕಿಂತ ಹೆಚ್ಚನ್ನು ಒಪ್ಪದು. ಒಪ್ಪಲಿಲ್ಲವೆಂದು ಅದು ಹೇಳಲಿಲ್ಲ, ತಾನೇ ಹತ್ತು ಮಾಡಿಕೊಂಡು ಮುಂದಿನ ಚೌಕಕ್ಕೆ ಜಿಗಿಯಿತು. ಒಂಬತ್ತು ಸಲ ಜಿಗಿಯಿತು. ಹೀಗೆ ಒಬ್ಬ ಸಾಧಾರಣ ಹುಡುಗ ಒಂಬತ್ತು ವರ್ಷ ಸತತವಾಗಿ ಹತ್ತಕ್ಕೆ ಹತ್ತು ಪಡೆದ ಪ್ರತಿಭೆಯಾದ. ಅವನ ನಿಜವಾದ ಸರಾಸರಿ 6.673.

ತಾರ್ಹೇಲಿಯಾ ಹಾಳೆಯನ್ನೂ ಲೆಕ್ಕವನ್ನೂ ಹಿಡಿದು ರೆಕ್ಟರರ ಕೋಣೆಗೆ ಹೋದರು. ಸಹಿಗಾಗಿ ಕಾಯುತ್ತಿದ್ದ ನಾನು ಎಲ್ಲವನ್ನೂ ಕೇಳಿದೆ.

“ಪಟ್ಟಿ ಈಗಾಗಲೇ ಜಿಲ್ಲೆಗೆ ಹೋಗಿದೆ,” ಎಂದರು ರೆಕ್ಟರ್, ಪರದೆಯಿಂದ ಕಣ್ಣು ತೆಗೆಯದೆ.

“ವಾಪಸ್ ತರಿಸಿ.”

“ಆಕ್ಷೇಪಣೆಗೆ ಮೂರು ದಿನ ಅವಕಾಶ ಇದೆ. ಹುಡುಗಿ ತಾಯಿ ಅರ್ಜಿ ಕೊಡ್ಲಿ. ಮೂಲ ದಾಖಲೆ ನೋಡಿ ಕಾರ್ಯದರ್ಶಿ ದೃಢೀಕರಿಸ್ಬೇಕು. ಎಲ್ಲಾ ವ್ಯವಸ್ಥೆ ಒಳಗೇ ಆಗ್ಬೇಕು.”

ಹುಡುಗಿಯ ತಾಯಿ ಹೊಲದಿಂದ ಬಂದು ಅರ್ಜಿಗೆ ಸಹಿ ಹಾಕಿದಳು. ತಾರ್ಹೇಲಿಯಾ ಹಾಳೆಯನ್ನು ಲಗತ್ತಿಸಿ ದೃಢೀಕರಿಸಿದರು. ಇಂಜಿನಿಯರ್ ಗುಂಡಿ ಒತ್ತಿದರು. ವ್ಯವಸ್ಥೆ ಕೆಂಪು ಅಕ್ಷರದಲ್ಲಿ ಉತ್ತರಿಸಿತು: ದೃಢೀಕರಿಸಿದ ಸಿಬ್ಬಂದಿ ಸದರಿ ದಿನ ಗೈರುಹಾಜರು. ಅರ್ಜಿ ತಿರಸ್ಕೃತ.

“ನೋಡಿ, ನಾನಲ್ಲ,” ಎಂದು ರೆಕ್ಟರ್ ಕೈಗಳನ್ನು ಮೇಲೆತ್ತಿದರು. “ಯಂತ್ರದ ಪ್ರಕಾರ ನೀವು ಇವತ್ತು ಬಂದಿಲ್ಲ.”

“ಹಾಗಾದ್ರೆ ಇಷ್ಟೊತ್ತು ಯಾರ ಜೊತೆ ಮಾತಾಡ್ತಿದ್ರಿ ರೆಕ್ಟರೇ? ಡಾಕ್ಟ್ರಿಗೆ ತೋರಿಸ್ಕೊಳ್ಳಿ.”

“ನಾನು ಕಣ್ಣಾರೆ ಕಂಡಿದ್ದಕ್ಕೆ ಆಡಳಿತದಲ್ಲಿ ಬೆಲೆ ಇಲ್ಲ ದೋನ್ಯ.”

“ಆ ಮಾತನ್ನ ಬರ್ದು ಸಹಿ ಹಾಕಿ ಕೊಡ್ತೀರಾ? ಅದಕ್ಕೆ ನಾನು ಚೌಕಟ್ಟು ಹಾಕಿಸ್ತೀನಿ.”

ಅವರು ಕೊಡಲಿಲ್ಲ. ಉಳಿದ ಎರಡು ದಿನವೂ ಅದೇ ಕೆಂಪು ಅಕ್ಷರ ಬಂತು, ಅವಕಾಶ ಮುಗಿಯಿತು.

ಧ್ವಜದ ದಿನಕ್ಕೆ ನಾಲ್ಕು ದಿನ ಇರುವಾಗ ತಾರ್ಹೇಲಿಯಾ ಚುತಾಲಿನ ಹಾದಿ ಹಿಡಿದು ತೈಮಾಲರ ಮನೆಗೆ ಹೋದರು. ಒಬ್ಬರೇ ಹೋದರೆ ಸಾಕ್ಷಿಯಿರುವುದಿಲ್ಲವೆಂದು ನನ್ನನ್ನೂ ಕರೆದುಕೊಂಡರು, ಸ್ನೇಹದಿಂದಲ್ಲ. ಅಂಗಳದಲ್ಲಿ ಎಲ್ಮೆರ್ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಒಳಗೆ ಗೋಡೆಯ ಮೇಲೆ ಅವನ ಹೊಸ ಕೋಟು ನೇತಾಡುತ್ತಿತ್ತು. ಅವನ ತಾಯಿ ದೋನ್ಯ ಫಿಲೋಮೇನಾ ನಮಗೆ ಬೆಲ್ಲದ ಪಾಕ ಸುರಿದ ಹಸಿ ಗಿಣ್ಣು ತಂದಿಟ್ಟರು. ಇಪ್ಪತ್ತಾರಕ್ಕೆ ಇಡೀ ಹಂದಿಯನ್ನು ಒಲೆಗಿಡುತ್ತೇವೆ, ನೀವೂ ಬರಬೇಕು ಎಂದರು.

ತಾರ್ಹೇಲಿಯಾ ತಟ್ಟೆ ಮುಟ್ಟದೆ ಹಾಳೆಯನ್ನು ಮೇಜಿನ ಮೇಲಿಟ್ಟು, ವಿಷಯವನ್ನು ಒಂದೇ ಉಸಿರಿಗೆ ಹೇಳಿದರು. ಫಿಲೋಮೇನಾ ಹಾಳೆಯನ್ನು ನೋಡಲೇ ಇಲ್ಲ.

“ಒಂಬತ್ತು ವರ್ಷ, ದೋನ್ಯ,” ಎಂದರು. “ಒಂಬತ್ತು ವರ್ಷ ಮೇಷ್ಟ್ರುಗಳು ನನ್ನ ಕರೆಸಿ ಕರೆಸಿ ನಿನ್ನ ಮಗ ಕತ್ತೆ, ದನ ಕಾಯೋಕೆ ಕಳಿಸು ಅಂದ್ರು. ಈಗ ಸರ್ಕಾರದ ಕಂಪ್ಯೂಟರೇ ಇವನು ಒಳ್ಳೇವನು ಅಂದಿದೆ. ನಾನು ಯಾರನ್ನ ನಂಬ್ಲಿ? ನಿಮ್ಮನ್ನಾ?”

“ಹಾಳೆ ನಂಬಿ.”

“ಹಾಳೇನೂ ಆ ಮೇಷ್ಟ್ರುಗಳೇ ಅಲ್ವಾ ಬರ್ದಿದ್ದು!”

ತಾರ್ಹೇಲಿಯಾ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮತ್ತೊಮ್ಮೆ ನೋಡಿದರು. ಅವರಿಗೆ ಉತ್ತರ ತಡವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹೌದು. ಕತ್ತೆ ಅಂದಿದ್ದು ಅವರ ಅವಿವೇಕ. ಆದ್ರೆ ಹದಿಮೂರು ನಿಮ್ಮ ಮಗಂದು. ಹದಿಮೂರರಲ್ಲಿ ಅವಮಾನ ಇಲ್ಲ ಫಿಲೋಮೇನಾ, ಅದನ್ನ ಇವನು ದುಡಿದು ತಗೊಂಡಿದಾನೆ. ಹತ್ತಕ್ಕೆ ಹತ್ತು ಇವಂದಲ್ಲ. ಇನ್ನೊಬ್ಬಳದು.”

ಬಾಗಿಲಲ್ಲಿ ನಿಂತಿದ್ದ ಎಲ್ಮೆರ್ ಕೈಯ ಎಣ್ಣೆಯನ್ನು ಒರೆಸಿಕೊಂಡ. “ನಾನು ಇಂಜಿನಿಯರಿಗೆ ಅವತ್ತೇ ಹೇಳ್ದೆ, ಅಮ್ಮ. ಲೆಕ್ಕ ತಪ್ಪಿದೆ ಅಂದೆ. ‘ಗೆದ್ದ ಲಾಟರಿ ಚೀಟಿ ಯಾರಾದ್ರೂ ವಾಪಸ್ ಕೊಡ್ತಾರೇನೋ, ಹೋಗೋ’ ಅಂದ್ರು.”

“ನನಗ್ಯಾಕೆ ಹೇಳ್ಲಿಲ್ಲ ನೀವು?” ಎಂದರು ತಾಯಿ. ನಮ್ಮ ಕಡೆ ತಾಯಿ ಮಗನಿಗೂ ಬಹುವಚನವೇ.

“ಕೋಟು ಹೊಲಿಯೋಕೆ ಕೊಟ್ಟಾಗಿತ್ತಲ್ಲ.”

ತಾರ್ಹೇಲಿಯಾ ಎದ್ದರು. “ಇಪ್ಪತ್ತಾರನೇ ತಾರೀಖು ನಾನು ಓದ್ಬೇಕಾಗತ್ತೆ. ಇರೋದನ್ನೇ ಓದ್ತೀನಿ. ಅಂಗಳದಲ್ಲಿ ನಾಲ್ಕು ಜನರ ಮುಂದೆ ಮೊದಲ ಸಲ ಕೇಳೋದು ಬೇಡ ಅಂತ ಹೇಳೋಕೆ ಬಂದೆ. ಬರೋದು ಬಿಡೋದು ನಿಮಗೆ ಬಿಟ್ಟಿದ್ದು.”

ಅವರು ಓದುವುದು ನಮ್ಮ ಶಾಲೆಯ ಹಳೆಯ ಪದ್ಧತಿ. ಹಿಂದಿನ ವರ್ಷದ ಧ್ವಜಧಾರಿ ಬಾವುಟ ಹಿಡಿದು ನಿಂತಿರುವಾಗ, ಕಾರ್ಯದರ್ಶಿ ಹೊಸಬರ ಹನ್ನೊಂದು ವರ್ಷಗಳ ಅಂಕಗಳನ್ನು ಒಂದೊಂದಾಗಿ ಊರಿನ ಎದುರು ಓದಬೇಕು. ಓದಿ ಮುಗಿದ ಮೇಲೆಯೇ ಬಾವುಟ ಕೈ ಬದಲಾಯಿಸುವುದು. ರೆಕ್ಟರಿಗೆ ಇದೊಂದು ಹಳ್ಳಿಗಾಡಿನ ಶಾಸ್ತ್ರ. ಅದನ್ನು ರದ್ದುಮಾಡುವಷ್ಟು ಗಮನವನ್ನೂ ಅವರು ಅದಕ್ಕೆ ಕೊಟ್ಟಿರಲಿಲ್ಲ.

ಇಪ್ಪತ್ತಾರರ ಬೆಳಗ್ಗೆ ಅಂಗಳ ತುಂಬಿತ್ತು. ಬಯಲಿನ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಗಂಡಸರು ಉಣ್ಣೆಯ ಪೊಂಚೊದೊಳಗೆ ಕೈ ಹುದುಗಿಸಿಕೊಂಡಿದ್ದರು. ಮೊದಲ ಸಾಲಿನಲ್ಲಿ ಫಿಲೋಮೇನಾ ಇದ್ದರು, ಕರಿಯ ಟೋಪಿ ತೊಟ್ಟು, ನೆಟ್ಟಗೆ. ಮರ್ಯೂರಿಯ ತಾಯಿ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ರೆಕ್ಟರ್ ವ್ಯವಸ್ಥೆಯಿಂದ ಮುದ್ರಿಸಿದ ಹಾಳೆಯನ್ನು ತಾರ್ಹೇಲಿಯಾ ಅವರ ಕೈಗಿತ್ತು, ಎಲ್ಮೆರ್ ತೈಮಾಲನನ್ನು ಮುಂದಕ್ಕೆ ಕರೆದರು. ಹುಡುಗ ಹೊಸ ಕೋಟಿನಲ್ಲಿ ಬಂದು ನಿಂತ. ತಾರ್ಹೇಲಿಯಾ ಮುದ್ರಿತ ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡರು. ಚುತಾಲಿನ ಹಾಳೆಯನ್ನು ತೆರೆದರು.

“ಎಲ್ಮೆರ್ ತೈಮಾಲ್. ಎರಡನೇ ತರಗತಿ: ಇಪ್ಪತ್ತಕ್ಕೆ ಹದಿಮೂರು. ಮೂರನೇ ತರಗತಿ: ಇಪ್ಪತ್ತಕ್ಕೆ ಹದಿನಾಲ್ಕು. ನಾಲ್ಕನೇ ತರಗತಿ: ಇಪ್ಪತ್ತಕ್ಕೆ ಹನ್ನೆರಡು...”

ರೆಕ್ಟರ್ ಇಂಜಿನಿಯರರ ಕಡೆ ನೋಡಿದರು; ಇಂಜಿನಿಯರ್ ಮೈಕಿನ ತಂತಿ ಕಿತ್ತರು. ಆದರೆ ಗಂಜಿಯ ಸಾಲಿನಲ್ಲಿ ಮುನ್ನೂರು ಮಕ್ಕಳ ಹೆಸರು ಕೂಗಿ ಬೆಳೆದ ಗಂಟಲಿಗೆ ಮೈಕು ಎಂದೂ ಬೇಕಾಗಿರಲಿಲ್ಲ. ಐದನೆಯದು, ಆರನೆಯದು, ಏಳನೆಯದು ಗೋಡೆಗೆ ಬಡಿದು ಹಿಂದಿರುಗಿದವು.

“ಸಾಕು, ದೋನ್ಯ! ವ್ಯವಸ್ಥೇಲಿ ಹಾಗಿಲ್ಲ!”

“ಹತ್ತನೇ ತರಗತಿ: ಇಪ್ಪತ್ತಕ್ಕೆ ಹದಿಮೂರು. ಇಲ್ಲಿಂದ ಮುಂದೆ ಹತ್ತಕ್ಕೆ: ಏಳು ಪಾಯಿಂಟ್ ಒಂದು, ಏಳು ಪಾಯಿಂಟ್ ಮೂರು. ಸರಾಸರಿ ನೀವೇ ಹಾಕ್ಕೊಳ್ಳಿ.”

ನಮ್ಮೂರಿನ ಹೆಂಗಸರು ಸಂತೆಯಲ್ಲಿ ಮೂಟೆಗಟ್ಟಲೆ ಆಲೂಗಡ್ಡೆ ಮಾರುವವರು. ಅವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮೂರನೆಯ ಸಾಲಿನಲ್ಲಿ ಯಾರೋ, “ಆರೂಮುಕ್ಕಾಲೂ ಆಗಲ್ವಲ್ರೇ!” ಎಂದರು. ಯಾರೋ ನಕ್ಕರು. ನಗು ಮೇಷ್ಟ್ರುಗಳ ಸಾಲಿಗೂ ತಲಪಿತು. ಹುಡುಗನ ಆಳವನ್ನು ಕಂಡುಹಿಡಿದಿದ್ದ ಹುವೇರಾ ಎಲ್ಲರಿಗಿಂತ ಜೋರಾಗಿ ನಕ್ಕರು.

ಎಲ್ಮೆರನ ಕಿವಿಗಳು ಕೆಂಪಾದವು. ಆಗ ಫಿಲೋಮೇನಾ ಎದ್ದುನಿಂತರು. “ಎಲ್ಮೆರ್,” ಎಂದು ಕರೆದರು. “ನಿಮ್ಮ ಸಾಲಿಗೆ ಹೋಗಿ ನಿಂತ್ಕೊಳ್ಳಿ. ತಲೆ ತಗ್ಗಿಸ್ಬೇಡಿ, ಓದಿದ್ದು ನಿಮ್ಮದೇ ಅಂಕ.” ಹುಡುಗ ತಲೆ ತಗ್ಗಿಸದೆ ನಡೆದುಹೋಗಿ ಗೆಳೆಯರ ನಡುವೆ ನಿಂತ.

ಈಗ ಬಾವುಟ ಹಿಂದಿನ ವರ್ಷದ ಹುಡುಗಿಯ ಕೈಯಲ್ಲೇ ಉಳಿಯಿತು. ಎಲ್ಲರೂ ಮರ್ಯೂರಿಯನ್ನು ನೋಡಿದರು. ಅವಳು ಕದಲಲಿಲ್ಲ.

“ಬಾಮ್ಮ, ಹಿಡ್ಕೋ,” ಎಂದು ರಸಾಯನಶಾಸ್ತ್ರದ ಮೇಡಂ ಪಿಸುಗುಟ್ಟಿದರು.

“ಕರೀಲಿ,” ಎಂದಳು ಅವಳು. “ಉಳಿದಿರೋ ಎಂಜಲು ಎತ್ಕೊಳ್ಳೋಕೆ ನಾನು ಬರಲ್ಲ. ರೆಕ್ಟರು ಹೆಸರು ಹಿಡಿದು ಕರೀಲಿ.”

ಗಾಳಿ ಬಾವುಟವನ್ನು ಎಳೆದಾಡುತ್ತಿತ್ತು. ಹಿಡಿದಿದ್ದವಳು ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಇಡೀ ಊರು ರೆಕ್ಟರರ ಬಾಯನ್ನು ನೋಡುತ್ತಿತ್ತು. ಅವರು ಮುಂದೆ ಬಂದರು, ಗಂಟಲು ಸರಿಮಾಡಿಕೊಂಡರು, ಬಾಯಿ ತೆರೆದರು. ಅಷ್ಟರಲ್ಲಿ ನಮಗೆಲ್ಲ ಅರ್ಥವಾಯಿತು: ಆ ಮನುಷ್ಯನಿಗೆ ಅವಳ ಹೆಸರು ಗೊತ್ತಿರಲಿಲ್ಲ. ತಾನು ಆಳುವ ಶಾಲೆಯ ಅತ್ಯುತ್ತಮ ವಿದ್ಯಾರ್ಥಿನಿಯ ಹೆಸರನ್ನು ಆತ ಪರದೆಯ ಮೇಲೆ ಓದಿದ್ದರೇ ಹೊರತು ನೆನಪಿಟ್ಟಿರಲಿಲ್ಲ. ಈಗ ಕೈಯಲ್ಲಿ ಹಾಳೆಯೂ ಇರಲಿಲ್ಲ. ಅವರು ತಾರ್ಹೇಲಿಯಾ ಕಡೆ ತಿರುಗಿದರು, ಬಹಳ ತಗ್ಗಿದ ದನಿಯಲ್ಲಿ ಏನೋ ಕೇಳಿದರು.

“ನನ್ನ ಕೇಳ್ಬೇಡಿ,” ಎಂದ ತಾರ್ಹೇಲಿಯಾ ಅವರ ದನಿ ಕೊನೆಯ ಸಾಲಿಗೂ ಕೇಳಿಸಿತು. “ನಾನು ಇವತ್ತು ರಜಾ. ಅವಳನ್ನೇ ಕೇಳಿ.”

ಬೇರೆ ದಾರಿ ಇರಲಿಲ್ಲ. ರೆಕ್ಟರ್ ಮೂರು ಮೆಟ್ಟಿಲು ಇಳಿದು, ಅಂಗಳ ದಾಟಿ, ವಿದ್ಯಾರ್ಥಿಗಳ ಸಾಲಿನ ಮುಂದೆ ನಿಂತರು.

“ನಿಮ್ಮ... ನಿಮ್ಮ ಪೂರ್ತಿ ಹೆಸರೇನಮ್ಮ?”

“ಮರ್ಯೂರಿ ಎಲಿಸಾಬೆತ್ ಚುಲ್ದೆ ಪಾಸ್ಪುವೆಲ್.”

“ಜೋರಾಗಿ ಹೇಳ್ಬೇಕು.”

“ಜೋರಾಗಿ ಹೇಳ್ಬೇಕಾದವರು ನೀವು, ರೆಕ್ಟರೇ.”

ಅವರು ಹೇಳಿದರು. ಅವಳು ಹೋಗಿ ಬಾವುಟ ಹಿಡಿದಳು. ತಾರ್ಹೇಲಿಯಾ ಪುಸ್ತಕ ತೆರೆದು ಅವಳ ಹನ್ನೊಂದು ಅಂಕಗಳನ್ನು ಓದಿದರು, ಒಂದನ್ನೂ ಎತ್ತಿ ಹೇಳದೆ, ಒಂದನ್ನೂ ತಗ್ಗಿಸಿ ಹೇಳದೆ. ಮಂಡಿಯೂರಿ ಮುತ್ತಿಟ್ಟವರಲ್ಲಿ ಎಲ್ಮೆರನೂ ಒಬ್ಬ. ತೈಮಾಲರ ಮನೆಯ ಹಂದಿ ಒಲೆಗೇರಿತು. ಮಧ್ಯಾಹ್ನ ಅದನ್ನು ತಿನ್ನಲು ಹೋದ ಮೇಷ್ಟ್ರುಗಳಿಗೆ ನಾಚಿಕೆಯಿರಲಿಲ್ಲ.

ವ್ಯವಸ್ಥೆ ಬದಲಾಗಲಿಲ್ಲ. ತಿದ್ದುಪಡಿಯ ಅವಧಿ ಮುಗಿದಿದೆ ಎಂದು ಜಿಲ್ಲೆಯಿಂದ ಉತ್ತರ ಬಂತು. ಪರದೆಯ ಮೇಲೆ ಆ ವರ್ಷದ ಧ್ವಜಧಾರಿ ಇಂದಿಗೂ ಎಲ್ಮೆರನೇ. ಅವನೀಗ ಪೆಟ್ರೋಲ್ ಬಂಕಿನ ಎದುರು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಈ ಮಾತನ್ನು ಯಾರಾದರೂ ಎತ್ತಿದರೆ ಅವರಿಗಿಂತ ಮೊದಲು ತಾನೇ ನಗುತ್ತಾನೆ. ಊರಿನಲ್ಲಿ ಆ ವರ್ಷವನ್ನು ಚುಲ್ದೆಯವರ ವರ್ಷ ಎನ್ನುತ್ತಾರೆ.

ತಾರ್ಹೇಲಿಯಾ ಅವರಿಗೆ ಅಕ್ಟೋಬರಿನಲ್ಲಿ ಮೆಮೊ ಬಂತು: ಆಜ್ಞೋಲ್ಲಂಘನೆ, ಮತ್ತು ಐದು ತಿಂಗಳ ಗೈರುಹಾಜರಿ. ಅದನ್ನು ಸ್ವೀಕರಿಸಿ, ನೋಂದಾಯಿಸಿ, ಸಿಬ್ಬಂದಿಯ ಕಡತಕ್ಕೆ ಸೇರಿಸಬೇಕಾದವರೂ ಅವರೇ. ಅವರು ಅದನ್ನು ಓದಿ, ತಾರೀಖು ಹಾಕಿಲ್ಲವೆಂದು ರೆಕ್ಟರಿಗೆ ಹಿಂದಿರುಗಿಸಿದರು. ತಾರೀಖು ಹಾಕಿ ಬಂತು. ಆ ದಿನ ಭಾನುವಾರವಾಗಿತ್ತೆಂದು ಮತ್ತೆ ಹಿಂದಿರುಗಿಸಿದರು. ಮೂರನೆಯ ಸಲ ಸರಿಯಾಗಿ ಬಂದಾಗ ಸೀಲು ಒತ್ತಿ, ಕ್ರಮಸಂಖ್ಯೆ ಬರೆದು, ತಮ್ಮ ಹೆಸರಿನ ಕಡತದಲ್ಲಿ ನೀಟಾಗಿ ಹೊಲಿದಿಟ್ಟರು. ಮೂವತ್ತೊಂದು ವರ್ಷಗಳ ಆ ಕಡತದಲ್ಲಿ ಅದೊಂದೇ ಮೆಮೊ. ನಿವೃತ್ತಿಯ ದಿನ ಬೀಗದ ಕೈ ಒಪ್ಪಿಸುವಾಗ, ಅದನ್ನು ಕಿತ್ತುಹಾಕಿಬಿಡಿ, ಯಾರು ನೋಡುತ್ತಾರೆ ಎಂದು ನಾನು ಹೇಳಿದೆ.

“ಕಿತ್ತುಹಾಕೋದಾ?” ಎಂದು ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ನೀವು ಹುವೇರಾ ಜೊತೆ ಜಾಸ್ತಿ ಕೂತಿದೀರಿ.”